ಉಳಿದುಹೋದ 9 ಬನ್ನು

ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ನನ್ನ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸಲ್ಲಿ ಪಾಸಾದಳು. ಆಫೀಸಿಗೆ ಸಿಹಿ ತಗೊಂಡು ಹೋಗಬೇಕಲ್ಲ, ಅವಳೇ ಆರಿಸಿದ್ದು ಬನ್ನು. ಮೇಲೆ ಬೆಳ್ಳಗೆ ಸಕ್ಕರೆ ಬಳಿದು, ನಡುವೆ ಒಂದು ಕೆಂಪು ಚೆರ್ರಿ ಇಟ್ಟಿರ್ತಾರಲ್ಲ, ಅದು. ಬೇಕರಿಯವರು 24 ಬನ್ನು ಡಬ್ಬಕ್ಕೆ ಹಾಕಿಕೊಟ್ರು. ನಾನು ಟೇಬಲ್ಲಿಂದ ಟೇಬಲ್ಲಿಗೆ ಹೋಗಿ ಕೊಟ್ಟೆ. ಒಬ್ಬರು "ಇವತ್ತು ಸಂಕಷ್ಟಿ" ಅಂದ್ರು. ಒಬ್ಬರು "ಶುಗರ್ ಇದೆ" ಅಂದ್ರು. ಇನ್ನೊಬ್ಬರು "ಮೊಟ್ಟೆ ಹಾಕಿರ್ತಾರೆ" ಅಂದ್ರು. ಹಾಕಿರಲಿಲ್ಲ, ಕೇಳಿಯೇ ತಂದಿದ್ದೆ. ಸಾಯಂಕಾಲ ಡಬ್ಬ ತೆಗೆದು ನೋಡಿದ್ರೆ 9 ಉಳಿದಿತ್ತು.

ಶುಗರ್ ನಿಜವಾಗ್ಲೂ ಇರಬಹುದು, ಇಲ್ಲ ಅನ್ನಲ್ಲ. ಆದರೆ ಮಾರನೇ ದಿನ ಇನ್ನೊಬ್ಬ ಸಹೋದ್ಯೋಗಿ ಮಗನ ಪಾಸಿನ ಪೇಡ ತಂದರು. ಆ ಶುಗರ್ ಇರೋರೇ ಎರಡು ತಗೊಂಡ್ರು. ನಾನು ಏನೂ ಮಾತಾಡಲಿಲ್ಲ. 20 ವರ್ಷ ಆಯ್ತು ಈ ಕುರ್ಚಿಯಲ್ಲಿ ಕೂತು, ಮಾತಾಡದೇ ಇರೋದೂ ಅಭ್ಯಾಸ ಆಗಿಬಿಟ್ಟಿದೆ.

ಆದರೆ ಮಗಳು ಡಬ್ಬ ನೋಡಿ ಕೇಳಿದಳು, "ಅಪ್ಪ, ಇಷ್ಟೊಂದು ಯಾಕೆ ಉಳೀತು?"

ಅವಳಿಗೆ ಉತ್ತರ ಕೊಡೋಕೆ ಅಂತ ಈ ಬನ್ನಿನ ಚರಿತ್ರೆ ಹುಡುಕೋಕೆ ಕೂತೆ. ನಾನು ಬಿ.ಎ. ಓದಿದ ಗುಮಾಸ್ತ, ವಿದ್ವಾಂಸ ಅಲ್ಲ. ಓದಿ ತಿಳಿದಿದ್ದನ್ನ ನಿಮ್ಮ ಮುಂದೆ ಇಡ್ತಿದ್ದೀನಿ.

ಬನ್ನು ನಮ್ಮದಲ್ಲ, ಬ್ರಿಟಿಷರದ್ದು. ಮೈದಾಗೆ ಹಾಲು, ಬೆಣ್ಣೆ, ಸಕ್ಕರೆ, ಈಸ್ಟ್ ಹಾಕಿ ನಾದಿ, ಉಬ್ಬೋಕೆ ಬಿಟ್ಟು, ಒಲೆಯಲ್ಲಿ ಬೇಯಿಸ್ತಾರೆ. ಆರಿದ ಮೇಲೆ ಪುಡಿ ಸಕ್ಕರೆಯನ್ನ ಒಂಚೂರು ನೀರಲ್ಲಿ ಕಲಸಿ ನೆತ್ತಿಗೆ ಬಳೀತಾರೆ. ಅದೇ ಐಸಿಂಗ್. ಈಗ ಇಂಗ್ಲೆಂಡಿನ ಸಾಧಾರಣ ಬೇಕರಿಯಲ್ಲೂ ಶಾಲೆ ಮಕ್ಕಳು ಕೊಳ್ಳುವ ತಿಂಡಿ ಅದು. ಆದರೆ ಒಂದು ಕಾಲದಲ್ಲಿ ಇಂಥ ಸಿಹಿ ರೊಟ್ಟಿ ಬಡವರ ಕೈಗೆ ಸುಮ್ಮನೆ ಸಿಗ್ತಿರಲಿಲ್ಲ.

1592ರಲ್ಲಿ, ಒಂದನೇ ಎಲಿಜಬೆತ್ ರಾಣಿ ಕಾಲದಲ್ಲಿ, ಲಂಡನ್ನಿನ ಮಾರುಕಟ್ಟೆ ಅಧಿಕಾರಿ ಒಂದು ಆಜ್ಞೆ ಹೊರಡಿಸಿದ. ಮಸಾಲೆ ಹಾಕಿದ ಬನ್ನು, ಕೇಕು, ಬಿಸ್ಕತ್ತುಗಳನ್ನ ಬೇಕರಿಯವರು ಮಾಮೂಲಿ ದಿನಗಳಲ್ಲಿ ಮಾರೋ ಹಾಗಿಲ್ಲ. ಹೆಣ ಹೂಳುವ ದಿನ, ಗುಡ್ ಫ್ರೈಡೆ, ಕ್ರಿಸ್‌ಮಸ್ ಇಷ್ಟಕ್ಕೆ ಮಾತ್ರ ವಿನಾಯಿತಿ. ರೊಟ್ಟಿಯ ಅಳತೆ, ತೂಕಕ್ಕೆ ಅಲ್ಲಿ ಕಾನೂನಿತ್ತು, ಇವು ಆ ಅಳತೆಗೆ ಬರಲ್ಲ ಅನ್ನೋದು ಕಾರಣ. ಮಾರಿ ಸಿಕ್ಕಿಹಾಕಿಕೊಂಡ್ರೆ ಶಿಕ್ಷೆ ಏನು ಗೊತ್ತಾ? ಆ ಬನ್ನೆಲ್ಲಾ ಜಪ್ತಿ ಮಾಡಿ ಬಡವರಿಗೆ ಹಂಚೋದು.

ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೊಂಡು ತಿನ್ನೋಕೆ ನಿಷೇಧ ಇರೋ ತಿಂಡಿ, ತಪ್ಪಿನ ಮಾಲಾದ ಮೇಲೆ ಬಡವರ ಬಾಯಿಗೆ ಬರುತ್ತೆ. ಉಳಿದದ್ದು, ಕೆಟ್ಟದ್ದು, ಬೇಡವಾದದ್ದು ಕೇರಿಗೆ ಬರೋದು ನಮಗೆ ಹೊಸದಾ? ತುಳುನಾಡಿನ ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿ ಇತ್ತಲ್ಲ, ಕೊಡುವವರ ಕೇಡು ಅನ್ನದ ಜೊತೆ ಇವರ ಹೊಟ್ಟೆಗೆ ಹೋಗಲಿ ಅಂತ. ಅದನ್ನ ನಿಷೇಧಿಸೋಕೆ ನಮ್ಮ ರಾಜ್ಯ 2000ನೇ ಇಸವಿಯಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯ್ತು. 2000ನೇ ಇಸವಿ, ನಾವೆಲ್ಲ ಕಾಲೇಜಲ್ಲಿದ್ದ ಕಾಲ.

ಈಗ ಬನ್ನಿನ ಮೇಲಿನ ಬಿಳಿ ಸಕ್ಕರೆಗೆ ಬರೋಣ. ನಿಜವಾದ ಕಥೆ ಇರೋದು ಅಲ್ಲೇ.

1700ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಒಬ್ಬ ಮನುಷ್ಯ ವರ್ಷಕ್ಕೆ ಸರಾಸರಿ 4 ಪೌಂಡ್ ಸಕ್ಕರೆ ತಿಂತಿದ್ದ. ನೂರು ವರ್ಷದಲ್ಲಿ ಅದು 18 ಪೌಂಡ್ ಆಯ್ತು. ಎಲ್ಲಿಂದ ಬಂತು? ಜಮೈಕಾ, ಬಾರ್ಬಡೋಸ್ ಥರದ ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟದಿಂದ. ಆಫ್ರಿಕಾದಿಂದ ಸರಪಳಿ ಹಾಕಿ ಹಡಗಿಗೆ ತುಂಬಿಕೊಂಡು ಬಂದ ಜನ ಅಲ್ಲಿ ಕಬ್ಬು ಕಡಿದರು, ಗಾಣಕ್ಕೆ ಕೊಟ್ಟರು, ಕೊಪ್ಪರಿಗೆಯಲ್ಲಿ ಕುದಿಸಿದರು. ಗಾಣಕ್ಕೆ ಕೈ ಸಿಕ್ಕಿಕೊಂಡ್ರೆ ಕೈಯನ್ನೇ ಕಡಿಯೋಕೆ ಅಂತ ಪಕ್ಕದಲ್ಲಿ ಕೊಡಲಿ ಇಟ್ಟಿರ್ತಿದ್ರು. ಲಂಡನ್ನಿನ ಬನ್ನಿನ ಸಿಹಿ ಆ ಗಾಣದಿಂದ ಬಂದಿದ್ದು.

ಅಲ್ಲಿನ ಜನ ಎಲ್ಲರೂ ಸುಮ್ಮನಿರಲಿಲ್ಲ, ಅದನ್ನೂ ಹೇಳಬೇಕು. 1791ರಲ್ಲಿ ವಿಲಿಯಂ ಫಾಕ್ಸ್ ಅನ್ನೋರು ಒಂದು ಕರಪತ್ರ ಬರೆದು, ಗುಲಾಮರು ಬೆಳೆದ ಸಕ್ಕರೆ ತಿನ್ನಬೇಡಿ ಅಂದ್ರು. ಸುಮಾರು 3 ಲಕ್ಷ ಜನ ಸಕ್ಕರೆ ಬಿಟ್ಟರು ಅಂತ ಆ ಕಾಲದ ಹೋರಾಟಗಾರ ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ್ದಾರೆ. ಮುಂದೆ ನಿಂತವರು ಹೆಂಗಸರು, ಓಟಿನ ಹಕ್ಕೂ ಇಲ್ಲದವರು. ಲೆಸ್ಟರ್ ಊರಿನ ಎಲಿಜಬೆತ್ ಹೆರಿಕ್ ಮನೆ ಮನೆ ಬಾಗಿಲಿಗೆ ಹೋಗಿ ಸಕ್ಕರೆ ಬಿಡಿ ಅಂತ ಕೇಳಿದಳು. ಗಂಡಸು ನಾಯಕರು "ಗುಲಾಮಗಿರಿ ಕ್ರಮೇಣ ಹೋಗಲಿ" ಅಂತಿದ್ದಾಗ ಅವಳು 1824ರಲ್ಲಿ ಪುಸ್ತಿಕೆ ಬರೆದು, ಕ್ರಮೇಣ ಅಲ್ಲ, ಈಗಲೇ ಅಂದಳು. "ಕಾಲ ಬದಲಾಗ್ತಿದೆ, ನಿಧಾನಕ್ಕೆ ಸರಿಹೋಗುತ್ತೆ ಬಿಡ್ರಿ" ಅಂತ ನಮಗೂ ದಿನಾ ಹೇಳ್ತಾರಲ್ಲ, ಅವರಿಗೆ ಈ ಹೆಣ್ಣುಮಗಳ ಹೆಸರು ಹೇಳಿ.

ಗೆಳೆಯರೇ, ನನಗೆ ಚುಚ್ಚಿದ್ದು ಇದರ ಮುಂದಿನ ಭಾಗ. ಆ ಒಳ್ಳೆಯ ಜನ ಕೆರಿಬಿಯನ್ ಸಕ್ಕರೆ ಬಿಟ್ಟು ಏನು ತಿಂದರು? ಈಸ್ಟ್ ಇಂಡಿಯಾ ಸಕ್ಕರೆ. ಅಂದ್ರೆ ನಮ್ಮ ದೇಶದ್ದು. 1820ರ ದಶಕದಲ್ಲಿ ಸಕ್ಕರೆ ಬಟ್ಟಲುಗಳ ಮೇಲೇ ಬರೆಸಿರ್ತಿದ್ರು, ಇದು ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ ಅಂತ. ಆ ಬಟ್ಟಲುಗಳು ಈಗಲೂ ಅಲ್ಲಿನ ಮ್ಯೂಸಿಯಂಗಳಲ್ಲಿವೆ.

ಅದೇ ಹೊತ್ತಲ್ಲಿ ಅದೇ ಕಂಪನಿ ಆಳ್ತಿದ್ದ ಮಲಬಾರಲ್ಲಿ, ನಮ್ಮ ಕೆನರಾದಲ್ಲಿ ಏನಿತ್ತು? ಮನುಷ್ಯರನ್ನ ಮಾರೋದು, ಅಡ ಇಡೋದು, ಬಾಡಿಗೆಗೆ ಕೊಡೋದು ಇತ್ತು. 1800-01ರಲ್ಲಿ ಈ ಕಡೆ ಓಡಾಡಿದ ಫ್ರಾನ್ಸಿಸ್ ಬುಕಾನನ್ ಅದನ್ನೆಲ್ಲ ಕಣ್ಣಾರೆ ನೋಡಿ ಬರೆದಿಟ್ಟಿದ್ದಾನೆ. ತುಳುನಾಡಲ್ಲಿ ಅವರಿಗೆ ಮೂಲದ ಆಳು ಅಂತಿದ್ರು. ಹೊಲೆಯರು, ಕೊರಗರು, ಅಂದ್ರೆ ನಮ್ಮವರೇ. ಬಂಗಾಳದ ಸಕ್ಕರೆ ಬಟ್ಟಲ ಮೇಲೆ ಗುಲಾಮರಿಲ್ಲದ ದೇಶ ಅಂತ ಹೆಸರು, ಇಲ್ಲಿ ಗದ್ದೆಯಲ್ಲಿ ನಮ್ಮ ಮುತ್ತಜ್ಜಿಯರು. ಕಪ್ಪು ಗುಲಾಮನ ಸರಪಳಿ ಅವರಿಗೆ ಕಂಡಿತು. ಜಾತಿಯ ಸರಪಳಿ ಕಬ್ಬಿಣದ್ದಲ್ಲ ನೋಡಿ, ಕಾಣಲಿಲ್ಲ. ಕೋರ್ಟುಗಳು ಗುಲಾಮನ ಮೇಲಿನ ಒಡೆತನ ಒಪ್ಪಬಾರದು ಅಂತ ಇಲ್ಲಿ ಕಾಯ್ದೆ ಬಂದಿದ್ದು 1843ರಲ್ಲಿ. ಮನುಷ್ಯರ ಮಾರಾಟ ಅಪರಾಧ ಅಂತ ಆಗಿದ್ದು ದಂಡಸಂಹಿತೆ ಜಾರಿಯಾದ 1862ರಲ್ಲಿ. ಜೀತ ನಿಷೇಧದ ಕಾಯ್ದೆ ಬಂದಿದ್ದು 1976ರಲ್ಲಿ. ನಮ್ಮ ತಾತ ಜೀತದಾಳಾಗಿಯೇ ಸತ್ತ. ನಮ್ಮಪ್ಪ ಹುಡುಗನಾಗಿದ್ದಾಗ ಅದೇ ಮನೆಯ ದನ ಕಾಯ್ತಿದ್ದ.

ಬ್ರಿಟಿಷರು ಗುಲಾಮಗಿರಿ ರದ್ದು ಮಾಡೋ ಕಾಯ್ದೆ ತಂದಿದ್ದು 1833ರಲ್ಲಿ. ಆಗ 2 ಕೋಟಿ ಪೌಂಡ್ ಪರಿಹಾರ ಕೊಟ್ಟರು. ಯಾರಿಗೆ? ಗುಲಾಮರಿಗಲ್ಲ, ಗುಲಾಮರನ್ನ ಇಟ್ಟುಕೊಂಡಿದ್ದ ಧಣಿಗಳಿಗೆ! ಅದಕ್ಕೆ ಸರ್ಕಾರ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಕಬ್ಬು ಕಡಿದವರಿಗೆ ಒಂದು ಪೈಸೆ ಇಲ್ಲ. ಆಮೇಲೆ ತೋಟಕ್ಕೆ ಆಳು ಬೇಕಲ್ಲ, 1834ರಿಂದ ಮಾರಿಷಸ್ಸಿಗೆ, 1838ರಿಂದ ಕೆರಿಬಿಯನ್ ಕಡೆಗೆ ನಮ್ಮ ದೇಶದವರನ್ನೇ ಕರಾರು ಕೂಲಿಗಳಾಗಿ ಹಡಗು ಹತ್ತಿಸಿದರು. ಬಿಹಾರದವರು, ಮದ್ರಾಸ್ ಕಡೆಯವರು, ಅದರಲ್ಲಿ ನಮ್ಮ ಜನ ಬೇಕಾದಷ್ಟು. ಕೆಲವರು ಜಾತಿಯಿಂದ ತಪ್ಪಿಸಿಕೊಂಡರೆ ಸಾಕು ಅಂತ ತಾವಾಗೇ ಹತ್ತಿದರು.

1874ರಲ್ಲಿ ಇಂಗ್ಲೆಂಡ್ ಸಕ್ಕರೆ ಮೇಲಿನ ಸುಂಕ ಪೂರ್ತಿ ತೆಗೆದುಹಾಕ್ತು. ಸಕ್ಕರೆ ಅಗ್ಗ ಆಯ್ತು. ಶ್ರೀಮಂತರ ಕೇಕಿನ ಮೇಲಿದ್ದ ಬಿಳಿ ಐಸಿಂಗು ಕೂಲಿಕಾರರ ಬನ್ನಿನ ಮೇಲೂ ಇಳೀತು.

ಆ ಬನ್ನು ನಾದಿದ ಕೈಗಳದ್ದೂ ಒಂದು ಮಾತು ಹೇಳಬೇಕು. 1851ರಲ್ಲಿ ಲಂಡನ್ನಲ್ಲಿ ದೊಡ್ಡ ವಸ್ತುಪ್ರದರ್ಶನ ಆಯ್ತು. ಅಲ್ಲಿ ಮೇಲೆ ಸಕ್ಕರೆ ಹಾಕಿದ ಬಾತ್ ಬನ್ನುಗಳೇ 9,34,691 ಖರ್ಚಾದವು ಅಂತ ಲೆಕ್ಕ ಇದೆ. ಗುಮಾಸ್ತನಾದ ನನಗೆ ಆ ಲೆಕ್ಕ ಬರೆದವನ ಮೇಲೆ ಗೌರವ ಬಂತು. ಆದರೆ ಬನ್ನಿನ ಲೆಕ್ಕ ಇಟ್ಟರೇ ಹೊರತು, ಅದನ್ನ ಮಾಡಿದವರು ಎಷ್ಟು ರಾತ್ರಿ ನಿದ್ದೆಗೆಟ್ಟರು ಅನ್ನೋ ಲೆಕ್ಕ ಯಾರೂ ಇಡಲಿಲ್ಲ. ಬೇಕರಿ ಕಾರ್ಮಿಕರು ರಾತ್ರಿ 11ಕ್ಕೆ ನೆಲಮಾಳಿಗೆಗೆ ಇಳಿದರೆ ಮಾರನೇ ದಿನ ಮಧ್ಯಾಹ್ನ, ಸಾಯಂಕಾಲದವರೆಗೂ ದುಡೀತಿದ್ರು. ಅವರ ಸ್ಥಿತಿ ಬಗ್ಗೆ 1862ರಲ್ಲಿ ಸರ್ಕಾರಕ್ಕೆ ಬಂದ ವರದಿಯನ್ನ ಮಾರ್ಕ್ಸ್ ತನ್ನ ಕ್ಯಾಪಿಟಲ್ ಪುಸ್ತಕದಲ್ಲಿ ಬಳಸಿಕೊಂಡಿದ್ದಾನೆ. 1863ರ ಕಾಯ್ದೆ 18 ವರ್ಷದ ಒಳಗಿನವರನ್ನ ರಾತ್ರಿ 9ರಿಂದ ಬೆಳಗ್ಗೆ 5ರವರೆಗೆ ಬೇಕರಿಯಲ್ಲಿ ದುಡಿಸಬಾರದು ಅಂತು. ಕಾಯ್ದೆ ಬಂತು ಅಂದ್ರೆ ಅಲ್ಲೀವರೆಗೆ ಮಕ್ಕಳು ದುಡೀತಿದ್ರು ಅಂತಲೇ ಅರ್ಥ.

ಇಂಗ್ಲೆಂಡಲ್ಲಿ ಆಬಿಂಗ್ಡನ್ ಅಂತ ಒಂದು ಊರಿದೆ. 1761ರಲ್ಲಿ ಮೂರನೇ ಜಾರ್ಜ್ ಪಟ್ಟಾಭಿಷೇಕ ಆದಾಗಿಂದ ಅಲ್ಲೊಂದು ಪದ್ಧತಿ. ರಾಜರ ಮನೆಯ ಶುಭಕಾರ್ಯಕ್ಕೆ ಊರಿನ ಕೌನ್ಸಿಲ್ ಸದಸ್ಯರು ದೊಡ್ಡ ಕಟ್ಟಡದ ಮಾಳಿಗೆ ಮೇಲೆ ನಿಂತು ಕೆಳಗಿನ ಜನಕ್ಕೆ ಬನ್ನು ಎಸೀತಾರೆ. 2023ರಲ್ಲಿ ಮೂರನೇ ಚಾರ್ಲ್ಸ್ ಪಟ್ಟಾಭಿಷೇಕಕ್ಕೂ ಎಸೆದರು. ಮಗಳು ವಿಡಿಯೋ ತೋರಿಸಿದಳು. ಜನ ಛತ್ರಿ ತಿರುಗಿಸಿ ಹಿಡ್ಕೊಂಡು ಬನ್ನು ಹಿಡೀತಾರೆ, ನಗ್ತಾರೆ. ಅವಳೂ ನಕ್ಕಳು.

ನನಗೆ ನಗು ಬರಲಿಲ್ಲ. ನನಗೆ ನಮ್ಮಪ್ಪನ ಟವಲ್ಲು ನೆನಪಾಯ್ತು.

ನಾನಾಗ ಎರಡನೇ ಕ್ಲಾಸು. ನಮ್ಮ ಹೋಬಳಿಯ ಹೋಟೆಲಿನಲ್ಲಿ ನಮಗೆ ಒಳಗೆ ಪ್ರವೇಶ ಇರಲಿಲ್ಲ. ಹೊರಗೆ ಚಪ್ಪರದ ಗೂಟಕ್ಕೆ ಸಿಗಿಸಿದ ಲೋಟ ನಮ್ಮದು. ಸಂತೆ ದಿನ ನಾನು ಬನ್ನು ಬೇಕು ಅಂತ ಹಟ ಮಾಡಿದೆ. ಅಪ್ಪ ಹೆಗಲ ಮೇಲಿನ ಟವಲ್ ಬಿಚ್ಚಿ ಎರಡೂ ಕೈಲಿ ಹಿಡಿದ. ಹೋಟೆಲಿನವನು ಮೇಲಿಂದ, ಟವಲ್ಲಿಗೂ ಕೈ ತಾಗದ ಹಾಗೆ, ಬನ್ನು ಬೀಳಿಸಿದ. ದುಡ್ಡನ್ನ ಅಪ್ಪ ಕಲ್ಲಿನ ಮೇಲಿಟ್ಟ, ಅವನು ನೀರು ಚಿಮುಕಿಸಿ ತಗೊಂಡ. ನಾನು ಬನ್ನು ತಿಂದೆ. ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಬಿಂಗ್ಡನ್ನಿನಲ್ಲೂ ಬನ್ನು ಮೇಲಿಂದಲೇ ಬೀಳುತ್ತೆ. ಅಲ್ಲೂ ಮೇಲಿನವರು, ಕೆಳಗಿನವರು ಇದ್ದಾರೆ. ಆದರೆ ಮಾಳಿಗೆ ಇಳಿದು ಬಂದ ಮೇಲೆ ಆ ಸದಸ್ಯ ಕೆಳಗಿನವನ ಕೈ ಕುಲುಕ್ತಾನೆ. ಇಲ್ಲಿ ಒಂದೇ ನೆಲದ ಮೇಲೆ ನಿಂತಿದ್ದೂ ಬನ್ನು ಬೀಳಬೇಕು. ಬಡತನಕ್ಕೂ ಅಸ್ಪೃಶ್ಯತೆಗೂ ಇರೋ ವ್ಯತ್ಯಾಸ ಏನು ಅಂತ ನಮ್ಮ ಕೆಲವು ಕಮ್ಯುನಿಸ್ಟ್ ಗೆಳೆಯರು ಕೇಳ್ತಿರ್ತಾರೆ. ಉತ್ತರ ಈ ಎರಡು ಬನ್ನಿನ ನಡುವೆ ಇದೆ.

ಈಗ ಬೇಕರಿ ನಮ್ಮ ಕಡೆ ಹೇಗೆ ಬಂತು ನೋಡಿ. ಪಾವ್, ಬ್ರೆಡ್ಡು, ಬಿಸ್ಕತ್ತು ಅಂದ್ರೆ ಮಡಿವಂತರಿಗೆ ಮೈಲಿಗೆಯ ಪದಾರ್ಥ. ಯಾಕಂದ್ರೆ ಮಾಡ್ತಿದ್ದವರು ಮುಸ್ಲಿಮರು, ಕ್ರೈಸ್ತರು. ಬಂಗಾಳದ ರಾಜನಾರಾಯಣ ಬಸು 1840ರ ದಶಕದಲ್ಲಿ ಬ್ರಹ್ಮಸಮಾಜ ಸೇರಿದ ದಿನ, ನಾವು ಜಾತಿ ಒಪ್ಪಲ್ಲ ಅಂತ ತೋರಿಸೋಕೆ ಬಿಸ್ಕತ್ತು, ವೈನು ಹಂಚಿಕೊಂಡು ತಿಂದರಂತೆ. ಒಂದು ಬಿಸ್ಕತ್ತು ತಿನ್ನೋದು ಬಂಡಾಯ ಆಗಿದ್ದ ಕಾಲ.

ಜಾತಿ ಇದಕ್ಕೂ ದಾರಿ ಹುಡುಕಿಕೊಳ್ತು. 1898ರಲ್ಲಿ ದೆಹಲಿಯಲ್ಲಿ ಹಿಂದೂ ಬಿಸ್ಕತ್ತು ಕಂಪನಿ ಶುರುವಾಯ್ತು. ಮೇಲ್ಜಾತಿಯವರ ಕೈಯಿಂದಲೇ ಮಾಡಿದ್ದು, ನೀರಿನ ಬದಲು ಹಾಲು ಹಾಕಿದ್ದು ಅನ್ನೋದೇ ಅದರ ಜಾಹೀರಾತು. ಬಿಸ್ಕತ್ತು ಬಿಡಲಿಲ್ಲ, ಮಾಡುವ ಕೈ ಬದಲಾಯಿಸಿದರು. ಅದೇ 1898ರಲ್ಲಿ ನಮ್ಮ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಹಾಸನ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಬಿ.ಬಿ. ಬೇಕರಿ ತೆರೆದರು. ಅಯ್ಯಂಗಾರ್ ಬೇಕರಿಗಳ ಪರಂಪರೆ ಅಲ್ಲಿಂದ ಅಂತಾರೆ. ಬೇಯಿಸೋದನ್ನ ಒಬ್ಬ ಇಂಗ್ಲಿಷಿನವನಿಂದ ಕಲಿತರಂತೆ. ಶ್ರಮಪಟ್ಟು ಕಟ್ಟಿದರು, ಕರ್ನಾಟಕಕ್ಕೆಲ್ಲ ಬನ್ನಿನ ರುಚಿ ತೋರಿಸಿದರು. ಅದರ ಬಗ್ಗೆ ನನ್ನ ತಕರಾರಿಲ್ಲ.

ನನ್ನ ಪ್ರಶ್ನೆ ಬೋರ್ಡಿನ ಬಗ್ಗೆ. ಇವತ್ತು ಬೇರೆ ಜಾತಿಯ ಎಷ್ಟೋ ಮಾಲೀಕರು ಬೇಕರಿಗೆ ಆ ಹೆಸರನ್ನೇ ಇಟ್ಕೋತಾರೆ. ಯಾಕೆ? ಗಿರಾಕಿಗೆ ಧೈರ್ಯ ಬರುತ್ತೆ. ಬ್ರಾಹ್ಮಣ, ಲಿಂಗಾಯತ, ಗೌಡ ಅಂತ ಹೋಟೆಲು, ಖಾನಾವಳಿ, ಮೆಸ್ಸು ರಸ್ತೆಗೊಂದು ನೋಡಿದ್ದೀವಿ. ಹೊಲೆಯರ ಬೇಕರಿ, ಮಾದಿಗರ ಬೇಕರಿ ಅಂತ ಬೋರ್ಡು ಎಲ್ಲಾದ್ರೂ ನೋಡಿದ್ದೀರಾ? ಒಂದು ಜಾತಿಯ ಹೆಸರು ರುಚಿಯ ಗ್ಯಾರಂಟಿ, ಇನ್ನೊಂದು ಜಾತಿಯ ಹೆಸರು ಹಾಕಿದ್ರೆ ಅಂಗಡಿಗೆ ಬೀಗ. ನನ್ನ ಡಬ್ಬದಲ್ಲಿ 9 ಉಳಿದಿದ್ದಕ್ಕೂ ಇದೇ ಕಾರಣ. ಬನ್ನು ಅದೇ ಬೇಕರಿಯದ್ದು. ಅವರೂ ಅಲ್ಲೇ ಕೊಳ್ತಾರೆ. ಆದರೆ ಡಬ್ಬ ಹಿಡಿದಿದ್ದ ಕೈ ನನ್ನದು.

ಆದ್ರೂ ಬೇಕರಿಗೆ ನಾನು ಋಣಿ. ಟವಲ್ಲಿಗೆ ಬನ್ನು ಬಿದ್ದ ಮಾರನೇ ವರ್ಷ ಅಪ್ಪ ತಾಲ್ಲೂಕು ಕೇಂದ್ರಕ್ಕೆ ಕರ್ಕೊಂಡು ಹೋಗಿ ಬಸ್‌ಸ್ಟ್ಯಾಂಡ್ ಪಕ್ಕದ ಬೇಕರಿಯಲ್ಲಿ ಬನ್ನು ಕೊಡಿಸಿದ. ಅಂಗಡಿಯವನು ಕಾಗದದಲ್ಲಿಟ್ಟು ಗಾಜಿನ ಕೌಂಟರ್ ಮೇಲಿಟ್ಟ. ಚಿಲ್ಲರೆಯನ್ನ ಅಪ್ಪನ ಅಂಗೈಗೇ ಕೊಟ್ಟ. ಅವನಿಗೆ ನಮ್ಮ ಜಾತಿ ಗೊತ್ತಿರಲಿಲ್ಲ, ಅಷ್ಟೇ. ಅಪ್ಪ ಆ ಚಿಲ್ಲರೆಯನ್ನ ಜೇಬಿಗೆ ಹಾಕದೆ ಬಸ್ಸಲ್ಲಿ ಮುಷ್ಟಿಯಲ್ಲೇ ಹಿಡ್ಕೊಂಡು ಕೂತಿದ್ದ.

ಆ ಕೌಂಟರಿನ ಹಿಂದೆ ಯಾರಿದ್ದರು ಅಂತ ಕಾಲೇಜಿಗೆ ಬಂದ ಮೇಲೆ ಗೊತ್ತಾಯ್ತು. ಅಂಗಡಿ, ಹೋಟೆಲಿಗೆ ಯಾರನ್ನೂ ಜಾತಿ ಕಾರಣಕ್ಕೆ ತಡೆಯೋ ಹಾಗಿಲ್ಲ ಅಂತ ಸಂವಿಧಾನದ 15(2)ನೇ ವಿಧಿ ಹೇಳುತ್ತೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡುತ್ತೆ. ಅದಕ್ಕೆ ಶಿಕ್ಷೆಯ ಕಾಯ್ದೆ 1955ರಲ್ಲಿ ಬಂತು. ಬನ್ನನ್ನ ಟವಲ್ಲಿಂದ ಕೌಂಟರಿಗೆ ತಂದವರು ಬಾಬಾಸಾಹೇಬರು.

ಅವರೇ ಲಂಡನ್ನಿನಲ್ಲಿ ಓದುವಾಗ, 1920ರ ನಂತರ, ಹೊಟ್ಟೆಗೆ ಏನು ತಿಂತಿದ್ರು ಅಂತ ಧನಂಜಯ ಕೀರ್ ಬರೆದಿದ್ದಾರೆ. ಬೆಳಗ್ಗೆ ಒಂದು ತುಂಡು ಬ್ರೆಡ್ಡು, ಒಂಚೂರು ಜಾಮು. ರಾತ್ರಿ ಹಸಿವಾದ್ರೆ ಸುಟ್ಟ ಹಪ್ಪಳ. ಹಸಿವಿತ್ತು, ಆದರೆ ಆ ಬ್ರೆಡ್ಡನ್ನ ಯಾರೂ ಮೇಲಿಂದ ಬೀಳಿಸಲಿಲ್ಲ. ಅದಕ್ಕೆ ಮುಂಚೆ, 1917ರಲ್ಲಿ, ಅಮೆರಿಕದಲ್ಲಿ ಓದಿ ಬರೋಡಕ್ಕೆ ಬಂದ ಅದೇ ಮನುಷ್ಯನನ್ನ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದು ಹೊರಗೆ ಹಾಕಿದ್ದರು.

ಜೊತೆಗೆ ಕೂತು ತಿಂದುಬಿಟ್ರೆ ಜಾತಿ ಹೋಗಲ್ಲ ಅಂತಲೂ ಅವರೇ ಎಚ್ಚರಿಸಿದ್ದಾರೆ. 1936ರ ಜಾತಿ ವಿನಾಶದಲ್ಲಿ ಸಹಭೋಜನದ ಮಿತಿ ಹೇಳಿ, ಮದುವೆಯ ಗೋಡೆ ಒಡೀಬೇಕು, ಜಾತಿಗೆ ಬಲ ಕೊಡೋ ಶಾಸ್ತ್ರದ ಅಧಿಕಾರ ಒಡೀಬೇಕು ಅಂದ್ರು. ಆದ್ದರಿಂದ ಆಫೀಸಿನವರು ನನ್ನ 24 ಬನ್ನನ್ನೂ ತಿಂದುಬಿಟ್ಟಿದ್ರೆ ಜಾತಿ ಹೋಗ್ತಿತ್ತು ಅಂತ ನಾನು ಹೇಳ್ತಿಲ್ಲ. ಒಂದು ಬನ್ನನ್ನೂ ದಾಟೋಕೆ ಆಗದವರು ಉಳಿದದ್ದನ್ನ ಯಾವಾಗ ದಾಟ್ತಾರೆ ಅಂತ ಕೇಳ್ತಿದ್ದೀನಿ.

ಇನ್ನೊಂದು ಮಾತು ನಮ್ಮ ನಮ್ಮೊಳಗೆ. ಬನ್ನಿನ ಮೇಲಿನ ಸಕ್ಕರೆ ಈಗ ಜಮೈಕಾದ್ದಲ್ಲ, ಇಲ್ಲಿಯದೇ. ಕಬ್ಬು ಕಡಿಯೋರು ಯಾರು? ಗುಳೆ ಹೋಗೋ ದಲಿತರು, ತಾಂಡಾದವರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯೋ ಹೆಣ್ಣುಮಕ್ಕಳು, ಮುಟ್ಟಾದರೆ ಕೂಲಿ ತಪ್ಪುತ್ತೆ ಅಂತ ಗರ್ಭಕೋಶವನ್ನೇ ತೆಗೆಸಿಕೊಂಡಿದ್ದು 2019ರಲ್ಲಿ ಸುದ್ದಿಯಾಯ್ತು. 1791ರಲ್ಲಿ ಲಂಡನ್ನಿನ ಹೆಂಗಸರು ಕೇಳಿದ ಪ್ರಶ್ನೆಯನ್ನ ನಾವು ನಮ್ಮ ಬನ್ನು ತಿನ್ನುವಾಗ ಕೇಳ್ಕೊಂಡಿದ್ದೀವಾ? ನಾನು ಕೇಳ್ಕೊಂಡಿರಲಿಲ್ಲ.

ಇಷ್ಟನ್ನೂ ಮಗಳಿಗೆ ಎರಡು ರಾತ್ರಿ ಕೂತು ಹೇಳಿದೆ. ಅಪ್ಪನ ಟವಲ್ಲಿನ ಕಥೆ ಅವಳಿಗೆ ಹೇಳಿದ್ದು ಇದೇ ಮೊದಲು. ಅವಳು ಅಳಲಿಲ್ಲ. ಉಳಿದ 9ನ್ನ ತಟ್ಟೆಗೆ ಜೋಡಿಸಿ ಬೀದಿ ಮಕ್ಕಳ ಮುಂದೆ ಹಿಡಿದಾಗ "ನಿಮ್ಮ ಕೈಯಾರೆ ತಗೊಳ್ರೋ" ಅಂದಿದ್ದಳು, ಅದು ಮೊದಲ ದಿನವೇ ಆಗಿತ್ತು. ಎಲ್ಲಾ ಕೇಳಿ ಆದ ಮೇಲೆ ಅಂದಳು, "ಅಪ್ಪ, ಪಿಯುಸಿ ಪಾಸಾದಾಗಲೂ ಬನ್ನೇ ತಗೊಂಡು ಹೋಗು. ಎಷ್ಟು ಉಳೀತು ಅಂತ ಬರೆದಿಡು."

ಗುಮಾಸ್ತನ ಮಗಳಲ್ವಾ, ಲೆಕ್ಕ ಕೇಳ್ತಾಳೆ. ಬರೆದಿಡ್ತೀನಿ. ನಿಮ್ಮ ನಿಮ್ಮ ಆಫೀಸಿನ, ಕಾಲೇಜಿನ ಲೆಕ್ಕವನ್ನೂ ಇಲ್ಲಿ ಬರೀರಿ. ಎಷ್ಟು ತಂದ್ರಿ, ಎಷ್ಟು ಉಳೀತು, ಏನು ನೆಪ ಹೇಳಿದರು. ಯಾರ ಹೆಸರೂ ಬೇಡ, ಲೆಕ್ಕ ಇದ್ದರೆ ಸಾಕು.

ಜೈಭೀಮ್.